ಮಾಮಾ ಹಂಚಿದ ಕಂಪ್ಯೂಟರ್

ಮೊನ್ನೆ ಫ್ಯೂಸ್ ತಂತಿ ಹುಡುಕುತ್ತ ಹಳೆಯ ಬಿಸ್ಕೀಟು ಡಬ್ಬಿ ತೆರೆದೆ. ಬೆಸುಗೆಯ ರಾಳದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ತಳದಲ್ಲಿ ಒಂದು ಪೊಟ್ಟಣವಿತ್ತು: ಸಾಲುಸಾಲು ತೂತಿನ ದಪ್ಪ ಕಾರ್ಡುಗಳಲ್ಲಿ ಸುತ್ತಿ, ಹತ್ತಿ ನೂಲಿನಿಂದ ಬಿಗಿದದ್ದು. ಒಳಗೇನಿದೆ ಎಂದು ಬಿಚ್ಚದೆಯೂ ಗೊತ್ತಿತ್ತು. ಆದರೂ ಬಿಚ್ಚಿದೆ...

ನನಗಿನ್ನೂ ಮೂವತ್ತು ತುಂಬಿಲ್ಲ. ಕೊಲ್ಹಾಪುರದ ಬಸ್ ನಿಲ್ದಾಣದ ಘೋಷಣೆಯಿಂದ ಹಿಡಿದು ನಮ್ಮಪ್ಪನ ಗೊರಕೆಯವರೆಗೆ ಎಲ್ಲರ ದನಿಯನ್ನೂ ನಕಲು ತೆಗೆಯುವವನು ನಾನು. ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುವುದಿಲ್ಲ. ಇಂಥವನು ಮುಖ ಗಂಟಿಕ್ಕಿಕೊಂಡು ನೆನಪು ಬರೆಯಲು ಕೂತದ್ದನ್ನು ಕಂಡಿದ್ದರೆ ಮೊದಲು ನಗುತ್ತಿದ್ದವರು ಮಾಮಾ.

ಮಾಮಾ ನನಗೆ ನೆಂಟರಲ್ಲ, ಎಲ್ಲರಿಗೂ ಮಾಮಾ. ಇಚಲಕರಂಜಿಯ ಒಂದು ನೂಲಿನ ಗಿರಣಿಯಲ್ಲಿ ಕಂಪ್ಯೂಟರ್ ನಡೆಸುತ್ತಿದ್ದರು. ಮುಂಬೈಯ ಯಾವುದೋ ಕಚೇರಿ ಬಳಸಿ ಬಿಟ್ಟ ಎರಡು ಯಂತ್ರಗಳನ್ನು ಗಿರಣಿಯವರು ಇಪ್ಪತ್ತು ವರ್ಷದ ಹಿಂದೆ, ಎಪ್ಪತ್ತರ ದಶಕದಲ್ಲಿ, ತಂದಿದ್ದರು. ಒಂದು ಗೋದಾಮಿನ ನೂಲಿನ ದಾಸ್ತಾನು ನೋಡಿಕೊಳ್ಳಲು, ಇನ್ನೊಂದು ಅದಕ್ಕೆ ಬಿಡಿಭಾಗ ಒದಗಿಸಲು. ಹೊಸ ಯಂತ್ರ ಬಂದಾಗ ಎರಡೂ ಹಿತ್ತಲಿನ ಶೆಡ್ಡು ಸೇರಿದವು. 'ಏನಾದರೂ ಮಾಡಿಕೊಳ್ಳಿ' ಎಂದು ಗಿರಣಿಯ ಸಾಹೇಬರು ಕೈತೊಳೆದುಕೊಂಡರು.

ಮಾಮಾ ಮಾಡಿದ್ದು ಇಷ್ಟೇ. ಭಾನುವಾರ ಬೆಳಿಗ್ಗೆ ಶೆಡ್ಡು ತೆರೆದು, ಬಿಡಿಭಾಗದ ಯಂತ್ರವನ್ನು ಬಿಚ್ಚಿ, ರೇಡಿಯೋ ಹುಚ್ಚಿನ ನಮ್ಮಂಥವರಿಗೆ ಪುಕ್ಕಟೆ ಹಂಚುವುದು. ಗೋಕುಳ ಶಿರಗಾಂವದ ಫೌಂಡ್ರಿ ಕೆಲಸಗಾರರು ಬರುತ್ತಿದ್ದರು, ಆಜರಾದಿಂದ ಒಬ್ಬ ಶಾಲಾ ಮಾಸ್ತರರೂ ಬರುತ್ತಿದ್ದರು. ಪ್ರತಿಯೊಂದನ್ನೂ ಆ ಯಂತ್ರಕ್ಕೆ ಲೆಕ್ಕ ಉಣಿಸುತ್ತಿದ್ದ ಹಳೆಯ ತೂತಿನ ಕಾರ್ಡಿನಲ್ಲಿ ಸುತ್ತಿ, ಅದರ ಮೇಲೆ ಒಯ್ಯುವವನ ಹೆಸರು ಬರೆದು, ಏನು ಮಾಡುತ್ತಾನೆಂದು ಕೇಳಿ ಅದನ್ನೂ ಬರೆಯುತ್ತಿದ್ದರು. ಒಂದೇ ಕರಾರು.

"ಮಾಡಾಕ ಆಗಲಿಲ್ಲಂದ್ರ ವಾಪಸ್ ತಂದ ಕೊಡ್ರಿ. ಡಬ್ಬ್ಯಾಗ ಸತ್ತ ಬೀಳಬಾರ್ದು."

ಮೊದಲ ದಿನ ನನ್ನನ್ನೂ ಕೇಳಿದರು. "ನೀ ಏನ್ ಮಾಡಾಂವಾ ತಮ್ಮಾ?"

"ನನ್ನಂಗ ಮಾತಾಡೋ ಪೆಟ್ಟಿಗಿ, ಮಾಮಾ."

"ಒಬ್ಬನ್ನ ತಡಕೊಳ್ಳೂದ ಭಾಳ ಆಗೇದ. ಮತ್ತೊಂದ್ ಯಾಕೋ?"

ದಾಸ್ತಾನು ನೋಡುತ್ತಿದ್ದ ಯಂತ್ರ ಮಾತ್ರ ಗಿರಣಿಯ ಕೋರಾ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿತ್ತು. ಖಂಡೇನವಮಿಯ ಆಯುಧಪೂಜೆಗೆ ಹಚ್ಚಿದ ಅರಿಸಿನ ಕುಂಕುಮ ವರ್ಷವಿಡೀ ಅದರ ಹಣೆಯ ಮೇಲೆ ಇರುತ್ತಿತ್ತು. ಅದಕ್ಕೆ ಕೆಟ್ಟದ್ದು ವಿದ್ಯುತ್ ಒದಗಿಸುವ ಭಾಗ ಒಂದೇ. ನಾವೆಲ್ಲ ಹೋದ ಮೇಲೆ ಮಾಮಾ ಅದನ್ನು ರಿಪೇರಿ ಮಾಡುತ್ತ ಕೂರುತ್ತಿದ್ದರು. "ರಿಟೈರ್ ಆಗೂದ್ರಾಗ ಒಂದ್ ಸಲ ಚಾಲೂ ಮಾಡಿ ನೋಡತೇನಿ. ಆಮ್ಯಾಲ ಇದನ್ನೂ ನಿಮಗ ಕೊಡತೇನಿ, ಆತಿಲ್ಲೊ?" ಅಂತ ಎಷ್ಟು ಸಲ ಅಂದಿದ್ದರೋ...

ಒಂದು ಶನಿವಾರ ನಾನು ಗಿರಣಿಯ ಗೇಟಿಗೆ ಬಂದಾಗ ಪಹರೆಯವನು ಚಹಾಕ್ಕೆ ಹೋಗಿದ್ದ. ಮೇಜಿನ ಮೇಲೆ ಫೋನು. ನನ್ನ ಗಂಟಲಲ್ಲಿ ಸಾಹೇಬರ ಮೂಗಿನ ದನಿ ಸಿದ್ಧವಾಗಿಯೇ ಇತ್ತು. ಪಾಳಿ ಮುಗಿಸಿ ಶೆಡ್ಡಿನಲ್ಲಿ ರಿಪೇರಿಗೆ ಕೂತಿದ್ದ ಮಾಮಾಗೆ ಗಿರಣಿಯ ಒಳಫೋನು ತಿರುಗಿಸಿ, ಅವರಂತೆಯೇ ಮರಾಠಿಯಲ್ಲಿ ಗುಡುಗಿದೆ: "ಕಾಯ್ ಹೋ ಮಾಮಾ! ಸೋಮವಾರಪರ್ಯಂತ ಸಗಳಂ ಭಂಗಾರಾತ ಗೇಲಂ ಪಾಹಿಜೆ!" ಸೋಮವಾರದೊಳಗೆ ಎಲ್ಲವೂ ಗುಜರಿಗೆ ಹೋಗಬೇಕು ಎಂದು.

ಆ ಕಡೆ ಇಕ್ಕಳ ಕೆಳಗಿಟ್ಟ ಸದ್ದು. ಆಮೇಲೆ, "ಹೋಯ್ ಸಾಹೇಬ್."

ಅಲ್ಲಿಂದ ಶೆಡ್ಡಿಗೆ ನೂರು ಹೆಜ್ಜೆ. ನಡೆದುಹೋಗಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಕಲಿ ಮಾಡುವವನಿಗೆ ನೋಡುವವರು ಬೇಕು. ನಾಳೆ ಎಲ್ಲರೂ ಸೇರಿರುತ್ತಾರೆ, ಅವರೆದುರು ಒಡೆದರೆ ನಗು ದೊಡ್ಡದಾಗುತ್ತದೆ ಎಂದುಕೊಂಡು ಕೊಲ್ಹಾಪುರದ ಬಸ್ಸು ಹತ್ತಿದೆ.

ಮರುದಿನ ಶೆಡ್ಡಿನಲ್ಲಿ ಜಾತ್ರೆಯಷ್ಟು ಜನ. ಹಿಂದಿನ ಸಂಜೆಯೇ ಮಾಮಾ ಎಲ್ಲ ಕಡೆ ಹೇಳಿ ಕಳಿಸಿದ್ದರು. ಕೋರಾ ಬಟ್ಟೆ ನೆಲದ ಮೇಲಿತ್ತು, ಯಂತ್ರದ ಕುಂಕುಮ ಹಚ್ಚಿದ ಬಾಗಿಲು ಗೋಡೆಗೆ ಒರಗಿತ್ತು. ಮಾಮಾ ತಂತಿ ಕತ್ತರಿಸುತ್ತಿದ್ದರು, ಸುತ್ತುತ್ತಿದ್ದರು, ಬರೆಯುತ್ತಿದ್ದರು. "ಭಂಗಾರದಾಂವ ತೂಗಿ ಒಯ್ಯೂಕಿಂತ ನೀವ್ ಒಯ್ರಿ. ಜ್ವಾಕಿ." ಒಂದು ಅಕ್ಷರವೂ ವಕ್ರವಾಗಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಇಪ್ಪತ್ತು ದನಿ ಬರುವ ಗಂಟಲಿನಿಂದ ಆವತ್ತು ನನ್ನದೊಂದು ಹೊರಡಲಿಲ್ಲ.

ಕೊನೆಗೆ ಒಳಗಿನಿಂದ ಒಂದು ಚೌಕಟ್ಟು ತೆಗೆದು ನನ್ನ ಅಂಗೈಗಿಟ್ಟರು. ಸಾಸಿವೆಗಿಂತ ಸಣ್ಣ ಕರಿ ಉಂಗುರಗಳು ಸಾವಿರಾರು, ಹಾಸು ಹೊಕ್ಕಾಗಿ ಅವುಗಳನ್ನು ಪೋಣಿಸಿದ ತಾಮ್ರದ ತಂತಿ. ತಾಮ್ರದಲ್ಲಿ ನೇಯ್ದ ಬಟ್ಟೆಯಂತಿತ್ತು.

"ಇದು ಯಂತ್ರದ ನೆನಪು, ಕರೆಂಟ್ ಹೋದ್ರೂ ಮರಿಯೂದಿಲ್ಲ. ಕಡೀ ದಿನದ ದಾಸ್ತಾನು ಇನ್ನೂ ಇದರಾಗ ಐತಿ. ಏನ್ ಬರೀಲಿ ತಮ್ಮಾ?"

ನಾನು ಗೊತ್ತಿಲ್ಲವೆಂದು ತಲೆಯಾಡಿಸಿದೆ. ಅವರು ಹೆಸರಷ್ಟೇ ಬರೆದು, ಕೆಳಗೆ ಜಾಗ ಬಿಟ್ಟರು.

ಸೋಮವಾರ ಮಾಮಾ ಶೆಡ್ಡು ಗುಡಿಸಿ ಕಾದರಂತೆ. ಗುಜರಿಯವರು ಯಾರೂ ಬರಲಿಲ್ಲ. ಬಾಯಿಬಿಟ್ಟು ಸಾಹೇಬರನ್ನು ಕೇಳುವ ಪೈಕಿ ಅವರಲ್ಲ. ಆ ವಾರ ನಾನು ಯಂತ್ರ ಮತ್ತೆ ಜೋಡಿಸಬಹುದೇನೋ ಎಂದು ಕಬನೂರಿಗೆ ಓಡಿ, ಭಾನುವಾರ ಬಂದಿದ್ದ ಅಲ್ಲಿಯ ಮಗ್ಗದವನನ್ನು ಬೋರ್ಡು ವಾಪಸ್ ಕೇಳಿದೆ. ಅವನಾಗಲೇ ಅದನ್ನು ಕತ್ತರಿಸಿ, ಎಳೆ ಹರಿದರೆ ಬಾರಿಸುವ ಗಂಟೆ ಮಾಡಿಕೊಂಡಿದ್ದ. ನನ್ನೆದುರೇ ಹೆಮ್ಮೆಯಿಂದ ಬಾರಿಸಿ ತೋರಿಸಿದ...

ನಿಜ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ರಿಟೈರಾಗಿ ಗಡಹಿಂಗ್ಲಜಕ್ಕೆ ಮರಳಿದ್ದ ಮಾಮಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು.

"ಮಾಮಾ, ಆವತ್ತ ಫೋನ್ ಮಾಡಿದಾಂವ ನಾನರಿ. ಸಾಹೇಬ ಅಲ್ಲ."

ಅವರ ಬೆರಳು ನಿಂತವು. ಕೈಯಲ್ಲಿದ್ದ ಕಾಯಿ ಬದಿಗಿಟ್ಟು, "ಎಲ್ಲಿ, ತಗಿ ನೋಡೂಣು ಆ ದನಿ," ಎಂದರು.

"ಬ್ಯಾಡ್ರಿ ಮಾಮಾ."

"ತಗಿ."

ತೆಗೆದೆ. ಮೊದಲ ಎರಡು ಮಾತು ಮುಗಿಯುವುದರೊಳಗೆ ಮಾಮಾ ಎದ್ದು ನಿಂತಿದ್ದರು. ಮಡಿಲಿನ ಸಿಪ್ಪೆಯೆಲ್ಲ ನೆಲಕ್ಕೆ ಸುರಿಯಿತು. ತಾವು ನಿಂತದ್ದನ್ನು ತಾವೇ ನೋಡಿಕೊಂಡು, ಮೆಲ್ಲಗೆ ಕೂತರು.

"ನೋಡಪಾ, ಆ ದನಿಗೆ ಇನ್ನೂ ಏಳತೇನಿ."

ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಒಂದೇ ಮಾತು ಕೇಳಿದರು. "ನಾ ಕೊಟ್ಟಿದ್ದರಿಂದ ಏನರ ಮಾಡಿದ್ಯಾ?"

"ಇಲ್ಲರಿ."

"ಹಂಗಾರ ವಾಪಸ್ ತಂದ ಕೊಡು."

ಮುಂದಿನ ಸಲ ತರುತ್ತೇನೆ ಅಂದೆ. ಆ ಸಲ ಬರುವ ಮೊದಲೇ ಗಡಹಿಂಗ್ಲಜದಿಂದ ಸುದ್ದಿ ಬಂತು, ಮಾಮಾ ಹೋದರೆಂದು.

ಸಾಹೇಬರ ದನಿಯನ್ನು ಆಮೇಲೆ ತೆಗೆದಿಲ್ಲ. ಗೆಳೆಯರು ಕೇಳಿದರೆ ಗಂಟಲು ಕೆಟ್ಟಿದೆ ಅನ್ನುತ್ತೇನೆ. ಮೊನ್ನೆ ಆ ಉಂಗುರಗಳನ್ನು ಬೆಳಕಿಗೆ ಹಿಡಿದು ನೋಡಿದೆ. ತಾಮ್ರ ಕಪ್ಪಾಗಿದೆ, ಒಂದು ಎಳೆಯೂ ಹರಿದಿಲ್ಲ. ಮುಚ್ಚಿಹೋದ ಯಾವುದೋ ದಿನದ ನೂಲು ಇನ್ನೂ ಅದರಲ್ಲಿ ದಾಸ್ತಾನಿದೆ... ಕಾರ್ಡಿನ ಮೇಲೆ ಮಾಮಾ ಬರೆದ ನನ್ನ ಹೆಸರು, ಕೆಳಗೆ ಖಾಲಿ ಜಾಗ.

ಮತ್ತೆ ಸುತ್ತಿ, ಅದೇ ನೂಲಿನಿಂದ ಕಟ್ಟಿದೆ. ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಮೇಜಿನ ಮೇಲೆಯೇ ಇದೆ.