ಡೆವಿಲ್ಸ್ ಅಡ್ವೊಕೇಟ್, ಫ್ಲ್ಯಾಟ್ ನಂಬರ್ ಹನ್ನೆರಡು

ಇಂಗ್ಲಿಷಿನಲ್ಲಿ ‘ಡೆವಿಲ್ಸ್ ಅಡ್ವೊಕೇಟ್’ ಎಂದೊಂದು ಮಾತಿದೆ. ದೆವ್ವದ ವಕೀಲ. ಎಲ್ಲರೂ ಹೂಂಗುಟ್ಟುತ್ತಿರುವಾಗ, ತಾನು ನಂಬದ ಪಕ್ಷವನ್ನೇ ಬೇಕೆಂದು ಹಿಡಿದು ವಾದಿಸುವವನು. ನಿರ್ಧಾರ ಎಲ್ಲಿ ಪೊಳ್ಳಾಗಿದೆ ಎಂದು ತಟ್ಟಿ ನೋಡುವವನು. ಮುಂಬಯಿ ಪಕ್ಕದ ಠಾಣೆ ಊರಿನ ಕಾಲೇಜಿನ ಡಿಬೇಟ್ ತಂಡದಲ್ಲಿ ನನಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಈ ಕೆಲಸವೇ. ಗಂಟೆ ಬಾರಿಸಿದರೆ ಮುಗಿಯಿತು. ಗೆದ್ದ ವಾದವನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ವಡಾಪಾವ್ ತಿನ್ನಲು ಹೋಗುತ್ತಿದ್ದೆವು.

ಆ ಗಂಟೆ ಎಷ್ಟು ಮುಖ್ಯ ಎಂದು ತಿಳಿದದ್ದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ.

ನಾಲ್ಕು ಮಾಳಿಗೆ, ಹದಿನಾರು ಫ್ಲ್ಯಾಟು, ನನಗಿಂತ ಹಳೆಯ ಕಟ್ಟಡ. ಮೇ ತಿಂಗಳಲ್ಲಿ ಮೆಟ್ಟಿಲ ಬಳಿ ಪಾಲಿಕೆಯ ನೋಟಿಸು ಅಂಟಿತು: ಕಟ್ಟಡ ಅಪಾಯಕಾರಿ, ಮಳೆಗೆ ಮುಂಚೆ ಖಾಲಿ ಮಾಡಿ. ಭಾನುವಾರ ಬೆಳಿಗ್ಗೆ ಟೆರೇಸಿನ ಮೇಲೆ ಸೊಸೈಟಿ ಮೀಟಿಂಗು. ನಮ್ಮ ಸೆಕ್ರೆಟರಿ ಮರಾಠಿ ಕಾಕಾ. ಯಾರು ಏನೇ ಮಾತಾಡಲಿ, ಫ್ಲ್ಯಾಟ್ ನಂಬರಿನೊಂದಿಗೆ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಅವರ ಪದ್ಧತಿ. ಹೊರಡುವುದೇ ಸರಿ ಎಂದು ಹೆಚ್ಚಿನವರಿಗೆ ಅನ್ನಿಸಿತ್ತು. ನನಗೂ ಅಷ್ಟೇ. ಆದರೆ ಯಾರೂ ಎದುರು ಮಾತಾಡದೆ ಒಂದು ನಿರ್ಣಯ ಪಾಸಾಗುವುದನ್ನು ನೋಡುತ್ತ ಕೂರುವುದು ನನ್ನ ಕೈಲಾಗಲಿಲ್ಲ. “ಎರಡೇ ನಿಮಿಷ, ನಾನು ಡೆವಿಲ್ಸ್ ಅಡ್ವೊಕೇಟ್ ಆಗ್ತೀನಿ” ಎಂದು ಎದ್ದು ನಿಂತೆ.

ತಪಾಸಣೆಗೆ ಬಂದ ಎಂಜಿನಿಯರ್ ಅರ್ಧ ಗಂಟೆಯೂ ಇರಲಿಲ್ಲ. ಕೆಳಗಿನ ಕಂಬಗಳಿಗೆ ಮಾತ್ರ ಸುತ್ತಿಗೆ ತಾಗಿಸಿದ, ಒಂದು ಮನೆಯ ಒಳಗೂ ಕಾಲಿಡಲಿಲ್ಲ. ವರದಿಯಲ್ಲಿ ನಮ್ಮ ಕಟ್ಟಡಕ್ಕೆ ಐದು ಮಾಳಿಗೆ ಎಂದಿದೆ. ಮಾಳಿಗೆ ಎಣಿಸಲಾರದವನು ಬಿರುಕು ಎಣಿಸಿಯಾನೇ? ಬಿಟ್ಟು ಹೋದ ಮೇಲೆ ವಾಪಸು ಕರೆಯುವವರು ಯಾರು? ಜನ ನಕ್ಕರು, ಚಪ್ಪಾಳೆ ತಟ್ಟಿದರು. “ಲಡಕೀ ಬರೋಬರ್ ಬೋಲತೀ ಹೈ”, ಹುಡುಗಿ ಸರಿಯಾಗೇ ಹೇಳುತ್ತಾಳೆ ಎನ್ನುತ್ತ ಕಾಕಾ ನಮ್ಮ ಫ್ಲ್ಯಾಟ್ ನಂಬರ್ ಹನ್ನೆರಡರ ಎದುರು ಬರೆದುಕೊಂಡರು. ಇದಕ್ಕೆಲ್ಲ ಉತ್ತರಗಳಿವೆ, ಅದನ್ನೂ ನಾನೇ ಹೇಳುವವಳಿದ್ದೆ. ಅಷ್ಟರಲ್ಲಿ ಕೈಗಳು ಎದ್ದಿದ್ದವು: ಈ ಮಳೆಗಾಲ ಇಲ್ಲೇ, ದೀಪಾವಳಿ ಆದ ಮೇಲೆ ಹೊಸ ತಪಾಸಣೆ. ತಡೆಯಬಹುದಿತ್ತು. ತಡೆಯಲಿಲ್ಲ. ಗೆದ್ದಿದ್ದೆನಲ್ಲ.

ಮನೆಗೆ ಬಂದ ಮೇಲೆ ಅಪ್ಪ ಕೇಳಿದರು, “ನಿನಗ ಖರೇನ ಹಂಗ ಅನಸ್ತೈತೇನ?”

“ಇಲ್ಲಪ್ಪ. ಸುಮ್ನ ಎದುರಿನವ್ರ ಪರವಾಗಿ ಮಾತಾಡ್ದೆ.”

“ಮಂದಿ ಸುಮ್ನ ಕೈ ಎತ್ತಿಲ್ಲವ್ವ.”

ಕೆಳಗಿನ ಒಂದನೇ ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ಮಾಮಿ. ಅವರ ಗಂಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು, ಜಾರಿ ಬಿದ್ದ ಮೇಲೆ ನಡೆಯಲಾರರು. ಗೋಣಿಚೀಲದಲ್ಲಿ ಕಟ್ಟಿಟ್ಟ ಪಾತ್ರೆಗಳನ್ನು ಮಾಮಿ ಅಂದು ಸಂಜೆಯೇ ಬಿಚ್ಚಿದರು. “ನೀನು ಹೇಳಿದ ಮೇಲೆ ಧೈರ್ಯ ಬಂತು ಮಾರಾಯ್ತಿ” ಎಂದರು.

ಮಳೆ ಹಿಡಿಯಿತು. ಮಾಮಿಯ ಬಾಗಿಲ ಪಕ್ಕದ ಕಂಬದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅಪ್ಪ ಕ್ಯಾಲೆಂಡರಿನ ಒಂದು ಪಟ್ಟಿ ಹರಿದು, ಮೈದಾ ಅಂಟಿನಿಂದ ಬಿರುಕಿನ ಮೇಲೆ ಅಡ್ಡಡ್ಡ ಅಂಟಿಸಿದರು. ಕಾಗದ ಹರಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಅಂದಿನಿಂದ ಲೋಕಲ್ ರೈಲು ಹಿಡಿಯುವ ಮೊದಲು ಮೊಬೈಲ್ ಬೆಳಕಿನಲ್ಲಿ ಅದನ್ನು ನೋಡಿಯೇ ನಾನು ಹೊರಬೀಳುತ್ತಿದ್ದೆ. ಠಾಣೆಯ ಆಫೀಸಿನಲ್ಲಿ ಮನೆಯಿಂದ ಫೋನ್ ಬಂದರೆ ಎತ್ತಲು ಬೆರಳು ಏಳುತ್ತಿರಲಿಲ್ಲ. ಮನೆಯಲ್ಲಿದ್ದಾಗ ಮೇಲಿನವರ ಮಿಕ್ಸರ್ ಶುರುವಾದರೂ ಅಂಗೈ ಗೋಡೆಗೆ ಹೋಗುತ್ತಿತ್ತು. ಅಪ್ಪನಿಗೆ ಹೇಳಿದೆ, ನಾವಾದರೂ ಹೋಗೋಣ. “ಮಂದೀನ್ನ ಕುಂಡ್ರಿಸಿ ನಾವು ಹೋಗೂದು?” ಎಂದರು.

ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಲು ತರಲು ಇಳಿದಾಗ ಕಾಗದ ನಡುವೆ ಹರಿದಿತ್ತು. ಬಿರುಕಿನೊಳಗೆ ಕಿರುಬೆರಳಿನ ಉಗುರು ಹೋಯಿತು. ಕಂಬದ ಬುಡದಲ್ಲಿ ಹಿಟ್ಟಿನಂಥ ಬೂದು ಪುಡಿ.

ಮಾಮಿಯ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

“ಮಾಮಿ, ಈಗಲೇ ಹೊರಡಬೇಕು.”

“ಎಂತಕ್ಕೆ? ಎಂಜಿನಿಯರಿಗೆ ಮಾಳಿಗೆ ಎಣಿಸ್ಲಿಕ್ಕೆ ಬರುವುದಿಲ್ಲ ಅಂತ ನೀನೇ ಹೇಳಿದ್ದಲ್ವಾ?”

“ಅದು ಬೇರೆ. ಕಂಬಕ್ಕೆ ಅಂಟಿಸಿದ ಕಾಗದ ಹರಿದಿದೆ.”

“ಮಳೆಗೆ ಒದ್ದೆಯಾದ್ರೆ ಕಾಗದ ಹರಿಯೂದಿಲ್ವಾ? ಇವರನ್ನು ಎಲ್ಲಿಗೆ ಕರ್ಕೊಂಡು ಹೋಗ್ಲಿ? ಹೋದ್ರೆ ವಾಪಸು ಕರೀಲಿಕ್ಕೆ ಯಾರಿದ್ದಾರೆ? ಅದೂ ನೀನೇ ಕೇಳಿದ್ದು. ರಿಜಿಸ್ಟರಲ್ಲಿ ಉಂಟು.”

ಎಂಜಿನಿಯರ್, ವಾಪಸು ಕರೆಯುವವರು: ಎರಡೂ ನನ್ನ ವಾದಗಳೇ, ನನ್ನದೇ ಅನುಕ್ರಮದಲ್ಲಿ. ಖಂಡಿಸಲು ನನಗೆ ಗೊತ್ತಿತ್ತು. ಕೈಯಲ್ಲಿದ್ದ ಹಾಲಿನ ಖಾಲಿ ಪಾತ್ರೆ ಬಾಗಿಲ ಚೌಕಟ್ಟಿಗೆ ಟಕಟಕ ತಾಗುತ್ತಿತ್ತು.

“ಮಾಮಿ, ನನಗೆ ಹೆದರಿಕೆ ಆಗ್ತಾ ಇದೆ.”

ಅವರು ನನ್ನ ಕೈಯನ್ನೇ ನೋಡಿದರು. ಗ್ಯಾಸ್ ಆರಿಸಿದರು. “ಈ ಹೆದರಿಕೆ ನಿಂದಾ, ಆ ದೆವ್ವದ ವಕೀಲಂದಾ?”

“ನಂದೇ.”

ಅಪ್ಪನನ್ನು ಕೂಗಿ ಕರೆದೆ. ಮಾಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಎತ್ತಿಕೊಂಡೆವು. ಕಂಬದ ಪಕ್ಕದ ದಾರಿ ಕಿರಿದು. ಕುರ್ಚಿಯ ಕಾಲು ಕಂಬಕ್ಕೆ ತಾಗದಂತೆ ಓರೆಯಾಗಿ, ಉಸಿರು ಕಟ್ಟಿ ದಾಟಿದೆವು, ಹಿಂದೆಯೇ ಮಾಮಿ. “ಮೆಲ್ಲ, ಮದುವೆಗೂ ನನ್ನನ್ನು ಹೀಗೆ ಹೊತ್ತಿರ್ಲಿಲ್ಲ” ಎಂದರು ಮಾಮ.

ಗೇಟಿನ ಹೊರಗೆ ಅವರನ್ನು ಇಳಿಸಿ ತಲೆಯೆತ್ತಿದೆ. ಎರಡನೇ ಮಾಳಿಗೆಯ ಗ್ಯಾಲರಿಯಿಂದ ಕಾಕಾ ಬಗ್ಗಿ ನೋಡುತ್ತಿದ್ದರು. “ಕ್ಯಾ ಹುವಾ? ತೂನೇ ಹೀ ತೋ ಬೋಲಾ ಥಾ.” ನೀನೇ ತಾನೇ ಹೇಳಿದ್ದು.

ಒಳಗೆ ಇನ್ನೂ ಹದಿನಾಲ್ಕು ಮನೆಗಳ ಜನ, ಶನಿವಾರದ ಅಡುಗೆಯಲ್ಲಿ. ಎಲ್ಲರ ಬಾಯಲ್ಲೂ ನನ್ನ ಅದೇ ಮೂರು ವಾದ ಸಿದ್ಧವಾಗಿರುತ್ತದೆ. ಅಪ್ಪ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದರು. “ನೀವು ಬ್ಯಾಡ, ಇಲ್ಲೇ ನಿಲ್ರಿ” ಎಂದು ಅವರನ್ನು ಹಿಂದಕ್ಕೆ ಸರಿಸಿ, ಹರಿದ ಕಾಗದವನ್ನು ಕಂಬದಿಂದ ಕಿತ್ತುಕೊಂಡು ಮೇಲೆ ಹತ್ತಿದೆ.