ಷಡ್ಡಕರ ಅರ್ಧ ಪುಟ

ನನ್ನ ಷಡ್ಡಕರ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಡೊಂಕಾಗಿತ್ತು. ಕಾಗದದ ಮೇಲೆ ಬೆರಳಿಟ್ಟರೆ ಯಾವ ಸಾಲು ತೋರಿಸುತ್ತಿದ್ದಾರೆಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಪ್ರತಿ ಸಾಲನ್ನೂ ಎರಡೆರಡು ಸಲ ಗಟ್ಟಿಯಾಗಿ ಓದುತ್ತಿದ್ದರು. ಜನ ಮುಂದಕ್ಕೆ ಬಗ್ಗಿ ಕೇಳುತ್ತಿದ್ದರು.

ತೆರಿಗೆ, ಲೆಕ್ಕಪತ್ರ ಓದಿಕೊಂಡವನು ನಾನು. ಇಲ್ಲಿ ಕೊಲ್ಲಿ ನಾಡಿನ ಲುಸೈಲ್ ನಗರದ ಆಫೀಸಿನಲ್ಲಿ ನನ್ನ ಹೆಸರಿನ ಫಲಕವೇ ಇದೆ. ಅವರು ದೂರದ ತೈಲಬಾವಿಗಳ ಊರು ದುಖಾನಿನಲ್ಲಿ ಪೈಪುಗಳ ವಾಲ್ವ್ ರಿಪೇರಿ ಮಾಡುವವರು. ಆದರೂ ಶುಕ್ರವಾರ ಅವರು ಅಷ್ಟು ದೂರ ಕಾರು ಓಡಿಸಿಕೊಂಡು ನಮ್ಮನೆಗೆ ಬಂದರೆ, ಮೈಸೂರು ಕಡೆಯವರೆಲ್ಲ ಬ್ಯಾಂಕಿನ ಕಾಗದ ಹಿಡಿದು ಬರುತ್ತಿದ್ದದ್ದು ಅವರನ್ನು ಕೇಳಲು. ನನ್ನ ಮನೆಯ ಹಾಲಿನಲ್ಲಿ ನಾನು ಕಾಫಿ ಹಂಚುತ್ತಿದ್ದೆ. ಒಮ್ಮೆ ನನ್ನ ಹೆಂಡತಿಯೇ, "ಎಲ್ಲದಕ್ಕೂ ಭಾವನ್ನ ಒಂದ್ಮಾತು ಕೇಳ್ಬಿಡಿ" ಎಂದಳು. ಹೊಟ್ಟೆ ಉರಿದುಹೋಯಿತು.

ಆ ವರ್ಷ ಊರಿನಿಂದ ಒಂದು ಸುದ್ದಿ ಬಂತು. ಪರದೇಶದಲ್ಲಿರುವವರ ಠೇವಣಿಯ ಬಡ್ಡಿ ವಿವರವನ್ನು ಬ್ಯಾಂಕುಗಳು ತೆರಿಗೆಯವರಿಗೆ ಕಳಿಸಬೇಕೆಂಬ ಹೊಸ ನಿಯಮ ಬರಲಿದೆಯಂತೆ. ಅದನ್ನು ವಿರೋಧಿಸುತ್ತಿದ್ದ ನಮ್ಮ ಕಡೆಯ ಸಂಸತ್ ಸದಸ್ಯರೊಬ್ಬರು ನಿಮ್ಮ ಅಭಿಪ್ರಾಯ ಬರೆದು ಕಳಿಸಿ ಎಂದರು. ನಾನು ನಾಲ್ಕು ಪುಟ ಬರೆದೆ. ಷಡ್ಡಕರು ಬರೆದದ್ದು ಅರ್ಧ ಪುಟ: "ನನ್ನ ಬಡ್ಡಿಯ ವಿಷಯ ಬೇರೆಯವರಿಗೆ ಹೇಳುವ ಮೊದಲು ಬ್ಯಾಂಕು ನನಗೊಂದು ಚೀಟಿ ಕಳಿಸಲಿ. ತಪ್ಪಿದ್ದರೆ ತಿದ್ದಿಸುತ್ತೇನೆ." ಎಲ್ಲರಿಗೂ ಅದೇ ಹಿಡಿಸಿತು. ನನ್ನ ನಾಲ್ಕು ಪುಟದ ಮೇಲೆ ಯಾರೋ ಕಾಫಿ ಲೋಟ ಇಟ್ಟಿದ್ದರು.

ಎರಡನ್ನೂ ಮೇಲ್ ಮಾಡುವ ಕೆಲಸ ನನಗೆ ಬಿತ್ತು. ಅವರ ಅರ್ಧ ಪುಟವನ್ನು ಬೇಕೆಂದೇ ಬಿಟ್ಟು ಕಳಿಸಿದೆ.

ಸದಸ್ಯರ ಭಾಷಣವನ್ನು ನಮ್ಮ ಹಾಲಿನಲ್ಲೇ ಕೂತು ಟಿವಿಯಲ್ಲಿ ನೋಡಿದೆವು. ಹೀಗಾದರೆ ಠೇವಣಿಯೆಲ್ಲ ಬೇರೆ ದೇಶಕ್ಕೆ ಹೋಗುತ್ತದೆ ಎಂದು ಅವರು ಗುಡುಗಿದರು. ಚೀಟಿಯ ಮಾತು ಬರಲಿಲ್ಲ. ಷಡ್ಡಕರು ಡೊಂಕು ಬೆರಳು ಸವರಿಕೊಳ್ಳುತ್ತ ಕೊನೆಯವರೆಗೂ ಕಾದರು.

"ನಂದು ಅವ್ರಿಗೆ ಹಿಡಿಸ್ಲಿಲ್ಲ ಅನ್ಸುತ್ತೆ. ನಿಂದು ನೋಡಿರ್ತಾರೆ ಬಿಡು, ನೀನು ಕಲ್ತವ್ನು" ಎಂದು ನನ್ನ ಬೆನ್ನು ತಟ್ಟಿದರು.

ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ವಿರೋಧ ಅಷ್ಟಕ್ಕೇ ನಿಂತಿತು. ನಿಯಮ ಬಂತು, ಚೀಟಿ ಬರಲಿಲ್ಲ.

ಹೋದ ವರ್ಷ ಅವರು ದುಖಾನಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಈಗ ಶುಕ್ರವಾರ ಜನ ನನ್ನನ್ನೇ ಕೇಳಲು ಬರುತ್ತಾರೆ. ಎಷ್ಟೋ ವರ್ಷ ನಾನು ಬಯಸಿದ್ದು ಇದನ್ನೇ. ಮೊನ್ನೆ ಒಬ್ಬರು, ಬ್ಯಾಂಕು ಯಾರದೋ ಬಡ್ಡಿಯ ವಿವರವನ್ನು ತಮ್ಮ ಹೆಸರಿನಲ್ಲಿ ಕಳಿಸಿದೆಯೆಂದು ತೆರಿಗೆ ನೋಟಿಸು ತಂದರು.

"ಕಳ್ಸೋ ಮುಂಚೆ ನಂಗೊಂದ್ ಮಾತು ಹೇಳಿದ್ರೆ ತಿದ್ದುಸ್ತಿದ್ದೆ ಸಾರ್" ಎಂದರು.

ಷಡ್ಡಕರ ಅರ್ಧ ಪುಟ ಇನ್ನೂ ನನ್ನ ಕಂಪ್ಯೂಟರಿನಲ್ಲಿತ್ತು. ತೆಗೆದು, ಅವರ ಹಾಗೆಯೇ ಎರಡು ಸಲ ಗಟ್ಟಿಯಾಗಿ ಓದಿದೆ. ಬಂದವರು ಮುಂದಕ್ಕೆ ಬಗ್ಗಿ ಕೇಳಿದರು.

"ನಿಯಮ ಬರೋ ಮುಂಚೆನೇ ಇದನ್ನ ಯಾರಾದ್ರೂ ಕಳಿಸ್ಬೇಕಿತ್ತು. ಯಾರ್ ಬರ್ದಿದ್ದು, ನೀವಾ?"

"ಅಲ್ಲ, ನಮ್ಮ ಷಡ್ಡಕರು. ಕಳಿಸ್ದೆ ಇಟ್ಕೊಂಡಿದ್ದು ನಾನು" ಎಂದೆ. ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.