ಮೂರನೆಯ ಜಾಗದ ಕೆಸರು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕೆಸರಮ್ಮ ಎಂದೇ ಕರೆಯುತ್ತಿದ್ದರು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಪ್ರಾಣಿಶಾಸ್ತ್ರದ ಮೇಡಂ ಇಡೀ ತರಗತಿಯಲ್ಲಿ ಅವಳೊಬ್ಬಳನ್ನೇ ಆರಿಸಿ, ಮೆಟ್ಟಿಲ ಕೆಳಗಿನ ಪುಟ್ಟ ಸಂಶೋಧನಾ ಕೋಣೆಗೆ ಸೇರಿಸಿಕೊಂಡಿದ್ದರು. ಶನಿವಾರ ಶನಿವಾರ ಊರಾಚೆಯ ಕೆರೆಯ ಮೂರು ಜಾಗಗಳಿಂದ ಕೆಸರು ತೆಗೆದು, ಜರಡಿ ಹಿಡಿದು, ಬಿಳಿ ತಟ್ಟೆಯಲ್ಲಿ ಹರಡಿ, ಹೊರಳಾಡುವ ಕೆಂಪು ಹುಳಗಳನ್ನು ಚಿಮಟದಿಂದ ಹೆಕ್ಕಿ ಎಣಿಸಬೇಕು. ನೀರು ಕೆಟ್ಟಷ್ಟೂ ಆ ಹುಳ ಹೆಚ್ಚು.

"ಹುಳ ಎಣಿಸೋಕೆ ಕಾಲೇಜು ಬೇರೆ ಬೇಕಿತ್ತಾ? ನಮ್ಮನೆ ಅಕ್ಕಿ ಡಬ್ಬ ಸಾಲ್ತಿರ್ಲಿಲ್ವಾ?" ಎಂದು ಪಂಕ್ಚರ್ ಅಂಗಡಿ ಇಟ್ಟಿದ್ದ ಅವಳ ಅಣ್ಣ ಕಾಲೆಳೆಯುತ್ತಿದ್ದ. ಕೆಸರಿಗಿಳಿಯಲು ರಬ್ಬರ್ ಬೂಟು ತಂದುಕೊಟ್ಟವನೂ ಅವನೇ.

ಮೇಡಂ ಪಕ್ಕದಲ್ಲೇ ಕೂತು ಚಿಮಟ ಹಿಡಿಯುವ ಕೈ ತಿದ್ದುತ್ತಿದ್ದರು. "ಕಂಡಿದ್ದನ್ನ ಮೊದಲು ಬರಿ. ಯಾಕೆ ಅನ್ನೋದು ಆಮೇಲೆ," ಅನ್ನುತ್ತಿದ್ದರು. ಅಲ್ಲಿಯವರೆಗೆ ವಿಜ್ಞಾನವೆಂದರೆ ಅವಳಿಗೆ ಬಾಯಿಪಾಠ. "ನೀನು ಪಿಎಚ್.ಡಿ. ಮಾಡೋಳು ಕಣೇ," ಎಂದು ಅವರು ಮೊದಲ ಸಲ ಅಂದ ದಿನ, ಬಸ್ಸಿನಲ್ಲಿ ಅವಳಿಗೆ ತನ್ನ ನಿಲ್ದಾಣ ದಾಟಿದ್ದೇ ಗೊತ್ತಾಗಲಿಲ್ಲ.

ಕೆರೆಗೆ ಬೀಳುವ ಚರಂಡಿ ನೀರನ್ನು ಶುದ್ಧ ಮಾಡಲು ನಗರಸಭೆ ಹೊಸ ಘಟಕ ಕಟ್ಟಿಸಿತ್ತು. ಮೇಡಂ ಅವರ ಅಧ್ಯಯನಕ್ಕೆ ಹಣ ಕೊಡುತ್ತಿದ್ದುದೂ ನಗರಸಭೆಯೇ. ಎರಡು ಜಾಗಗಳಲ್ಲಿ ಹುಳ ನಿಜವಾಗಿಯೂ ಕಡಿಮೆಯಾದವು. ಬಣ್ಣದ ಕಾರ್ಖಾನೆಯ ಹಿಂದಿನ ಮೂರನೆಯ ಜಾಗದಲ್ಲಿ ಮಾತ್ರ ಮೂರು ಪಟ್ಟಾದವು.

"ಕೆಸರು ಸರಿಯಾಗಿ ತೆಗ್ದಿಲ್ಲ ನೀನು," ಅಂದರು ಮೇಡಂ. ಅವಳು ಮತ್ತೆ ತೆಗೆದಳು. ಹೀಗೆ ನಾಲ್ಕು ಸಲ ತಟ್ಟೆ ತಂದು ಅವರ ಮುಂದಿಟ್ಟಳು.

"ಆ ಜಾಗ ಬಿಟ್ಬಿಡು. ಹಣ ನಿಂತ್ರೆ ಈ ಕೋಣೆಗೆ ಬೀಗ ಬೀಳುತ್ತೆ. ನಿನ್ನ ಹಿಂದೆ ಬರೋರು ಏನ್ಮಾಡ್ಬೇಕು?"

ಅವಳು ಮೂರನೆಯ ಜಾಗದ ಲೆಕ್ಕದ ಹಾಳೆಯನ್ನು ಕಡತದಿಂದ ತೆಗೆದಳು. ಎರಡೇ ಜಾಗಗಳ ಲೆಕ್ಕದೊಂದಿಗೆ ಪ್ರಬಂಧ ಅಚ್ಚಾಯಿತು, ಎರಡನೇ ಹೆಸರು ಅವಳದು. ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಅಮ್ಮ ಆ ಪತ್ರಿಕೆಯನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ಅದೇ ಪ್ರಬಂಧದ ಬಲದಿಂದ ದೊಡ್ಡ ಸಂಸ್ಥೆಯೊಂದರಿಂದ ಎಂ.ಎಸ್ಸಿ.-ಪಿಎಚ್.ಡಿ. ಸೀಟಿನ ಸಂದರ್ಶನಕ್ಕೆ ಕರೆ ಬಂತು. ಐವರು ಸಂದರ್ಶಕರಲ್ಲಿ ಹಿರಿಯರೊಬ್ಬರು ಹಾಳೆ ತಿರುವುತ್ತಾ, "ಅಷ್ಟು ದೊಡ್ಡ ಕೆರೆಗೆ ಎರಡೇ ಜಾಗ ಯಾಕಮ್ಮಾ?" ಎಂದರು. ಉತ್ತರವನ್ನು ಅವಳು ಉರು ಹೊಡೆದು ತಂದಿದ್ದಳು. ಬಾಯಿಂದ ಬಂದದ್ದೇ ಬೇರೆ.

"ಮೂರಿತ್ತು, ಸರ್."

ಸೀಟು ಸಿಗಲಿಲ್ಲ. ಸುಳ್ಳಿನ ಕೆಳಗೆ ನಿನ್ನ ಹೆಸರೂ ಇತ್ತಲ್ಲ ಎಂದರು. ಮಾತು ಪತ್ರಿಕೆಗೂ ಮುಟ್ಟಿ ಅಚ್ಚಾದ ಪ್ರಬಂಧವನ್ನು ಹಿಂತೆಗೆದುಕೊಂಡರು, ಹಣ ನಿಂತಿತು, ಮೇಡಂಗೆ ನೋಟಿಸ್ ಬಂತು. ಆ ಕೋಣೆಗೆ ಮುರಿದ ಬೆಂಚುಗಳನ್ನು ತುಂಬಿದರು. ಆಗಷ್ಟೇ ಅಲ್ಲಿ ಕೆಲಸ ಕಲಿಯಲು ಸೇರಿದ್ದ ಮೂವರು ಕಿರಿಯರಲ್ಲಿ ಯಾರೂ ಮುಂದೆ ವಿಜ್ಞಾನ ಓದಲಿಲ್ಲ. ಆ ಪಾಪ ತನ್ನದೋ ಮೇಡಂದೋ ಎಂಬುದು ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ.

ಬೇರೆ ಕಡೆ ಅರ್ಜಿ ಹಾಕಲು ಮಾರ್ಗದರ್ಶಕರ ಪತ್ರ ಬೇಕಿತ್ತು. ಒಂದು ಭಾನುವಾರ ಅವರ ಮನೆಗೇ ಹೋದಳು. ಮೇಡಂ ಉತ್ತರ ಪತ್ರಿಕೆ ತಿದ್ದುತ್ತಿದ್ದರು.

"ಅಲ್ಲಿ ಹೇಳೋ ಮೊದ್ಲು ನಂಗೆ ಹೇಳ್ಬಹುದಿತ್ತು."

"ನಾಲ್ಕು ಸಲ ಹೇಳ್ದೆ, ಮೇಡಂ."

"ಹೇಳ್ಲಿಲ್ಲ. ತಟ್ಟೆ ತಂದಿಟ್ಟೆ ಅಷ್ಟೆ. ನನ್ನ ಜೊತೆ ಜಗಳ ಆಡ್ಬೇಕಿತ್ತು ನೀನು."

"ಅದನ್ನ ನೀವು ಕಲಿಸ್ಲಿಲ್ವಲ್ಲ."

ಮೇಡಂ ಉತ್ತರ ಪತ್ರಿಕೆಗಳನ್ನು ಬದಿಗೆ ಸರಿಸಿ ಒಂದು ಖಾಲಿ ಹಾಳೆ ತೆಗೆದುಕೊಂಡರು. ಆಮೇಲೆ ಒಂದೇ ಸಾಲು ಬರೆದುಕೊಟ್ಟರು: ಈಕೆ ನನ್ನ ಬಳಿ ಎರಡು ವರ್ಷ ಕೆಲಸ ಮಾಡಿದ್ದಾಳೆ.

"ಜಾಸ್ತಿ ಹೊಗಳಿದ್ರೆ ನಿಂಗೇ ಕೆಟ್ಟದ್ದು. ನನ್ನ ಮಾತಿಗೆ ಈಗ ಬೆಲೆ ಇಲ್ಲ."

ಆ ಸಾಲು ಎಲ್ಲೂ ನಡೆಯಲಿಲ್ಲ.

ಈಗ ಅವಳು ಹಾಲಿನ ಡೇರಿಯ ಪರೀಕ್ಷಾ ವಿಭಾಗದಲ್ಲಿದ್ದಾಳೆ. ಹನ್ನೊಂದು ವರ್ಷವಾಯಿತು. ಹಾಲಿಗೆ ನೀರು ಬೆರೆಸಿದವರು ಅವಳ ಹೆಸರು ಕೇಳಿದರೆ ಹಲ್ಲು ಕಡಿಯುತ್ತಾರೆ. ಹೋದ ವರ್ಷ ಡೇರಿ ನೋಡಲು ಬಂದ ಕಾಲೇಜು ಹುಡುಗಿಯೊಬ್ಬಳು ಹಿಂದುಳಿದು, "ಅಕ್ಕಾ, ರಜದಲ್ಲಿ ನಿಮ್ಮ ಹತ್ರ ಕೆಲಸ ಕಲೀಬಹುದಾ? ನಮ್ಮ ಕಾಲೇಜಲ್ಲಿ ಅಂಥದ್ದೇನೂ ಇಲ್ಲ," ಎಂದಳು. ಅವಳು ಆ ಹುಡುಗಿಯ ನಂಬರ್ ಬರೆದುಕೊಂಡು, ಆ ದಿನವೇ ಮ್ಯಾನೇಜರ್ ಬಳಿ ಹೋಗಿ ಕೇಳಿದಳು.

"ಇದೇನು ಸ್ಕೂಲ್ ಅನ್ಕೊಂಡ್ರಾ?" ಎಂದ ಅವನು.

ಆ ಹುಡುಗಿಗೆ ಫೋನ್ ಮಾಡಿ ಇಲ್ಲವೆಂದು ಹೇಳಲು ಅವಳಿಗೆ ಒಂದು ವಾರ ಹಿಡಿಯಿತು.